ಪೆರಟಿಯ ರುಚಿ ಹತ್ತಿದ ಕರಡಿ

ನಾಣಿಗೆ ಸಿಟ್ಟು ಏರಿದರೆ ಇಳಿಯುವ ಜಾತಿಯದಲ್ಲ. ಕಡಲಾಚೆ ಬಂದು ಹಿಡಿದ ಕ್ಲಾಂಗ್ ಬಂದರಿನ ಕೆಲಸ ಬಿಟ್ಟದ್ದೂ ಮೇಲಿನವನೊಬ್ಬ ನಾಲ್ಕು ಜನರೆದುರು ಗದರಿದನೆಂಬ ಸಿಟ್ಟಿಗೇ. ಬಿಟ್ಟವನು ಹೆಂಡತಿ ಸರೋಜಿನಿಯನ್ನು ಎಳೆದುಕೊಂಡು ಬೆಂಟೋಂಗ್ ಪೇಟೆಯಾಚೆ ಕಾಡಂಚಿಗೆ ಬಂದು ಮುಜಂಟಿ ಜೇನು ಸಾಕಿದ. ಕುಟುಕದ ಆ ಪುಟ್ಟ ಜೇನನ್ನು ಪುತ್ತೂರಿನ ಅಜ್ಜನ ಮನೆಯ ಗೋಡೆಸಂದಿಯಲ್ಲಿ ನೋಡಿ ಬೆಳೆದವನು ಅವನು.

ಆ ಜೇನಿಗೇ ಕರಡಿ ಬಿತ್ತು. ಇಲ್ಲಿನ ಕರಡಿ ದೊಡ್ಡದೇನಲ್ಲ, ಆದರೆ ಅದರ ಉಗುರು ಕಂಡರೆ ಎದೆ ಝಲ್ಲೆನ್ನಬೇಕು. ಒಂದೇ ವಾರದಲ್ಲಿ ಅರ್ಧಕ್ಕರ್ಧ ಪೆಟ್ಟಿಗೆಗಳನ್ನು ಸೀಳಿ ಹಾಕಿತು. ಉಳಿದವೂ ಹೋದರೆ ಮತ್ತೆ ಬಂದರಿಗೆ ಹೋಗಿ ಅದೇ ಮನುಷ್ಯನೆದುರು ಕೈಕಟ್ಟಿ ನಿಲ್ಲಬೇಕು. ಅದಕ್ಕಿಂತ ಸಾಯುವುದೇ ವಾಸಿ ಎಂದುಕೊಂಡ ನಾಣಿ.

"ಕೊಂದೇ ಹಾಕ್ತೇನೆ ಅದನ್ನ," ಅಂದ.

"ಕರಡಿ ಕೊಂದ್ರೆ ಇಲ್ಲಿ ಜೈಲು, ಮಾರಾಯ್ರೆ. ನಿಮಗೆ ತಲೆ ಸಮ ಉಂಟಾ?" ಎಂದಳು ಸರೋಜಿನಿ. "ವನ್ಯಜೀವಿ ಇಲಾಖೆಯವರಿಗೆ ಫೋನ್ ಮಾಡಿ. ಬೋನು ತಂದು ಹಿಡ್ಕೊಂಡು ಹೋಗ್ತಾರೆ."

"ಯಾರ ಕೈಕಾಲೂ ಹಿಡಿಯೋದಿಲ್ಲ ನಾನು. ಅಷ್ಟರಲ್ಲಿ ಅದು ನಿನ್ನನ್ನೂ ತಿಂದೀತು."

"ತಿನ್ಲಿ. ನಿಮ್ಮ ಜೊತೆ ಬದುಕೋದಕ್ಕಿಂತ ಅದು ಬೇಗ ಮುಗೀತದೆ."

ಅವಳು ಹೇಳಿದ್ದು ಗೋಡೆಗೆ ಹೇಳಿದಂತಾಯಿತು. ಎಲ್ಲಿಂದಲೋ ಕಳ್ಳದಾರಿಯಲ್ಲಿ ಒಂದು ನಾಡಬಂದೂಕು ಬಂತು. ಮನೆಯಿಂದ ಕೂಗಿದರೆ ಕೇಳುವ ದೂರದ ಡೂರಿಯನ್ ಮರದ ಕವಲಿಗೆ ಬಿದಿರು ಕಟ್ಟಿ, ಹಲಗೆ ಹಾಸಿ, ಸುತ್ತ ಸೊಪ್ಪು ಸಿಕ್ಕಿಸಿ ಅಟ್ಟಣೆ ಮಾಡಿದ. ಕರಡಿ ಮರ ಹತ್ತುತ್ತದಲ್ಲ, ಅದಕ್ಕೆ ಕಾಂಡಕ್ಕೆ ತಗಡು ಸುತ್ತಿದ. ಎದುರಿನ ಮೋಟುಮರದ ಮೇಲೆ ಅನಾನಸು ಇಟ್ಟ, ಒಣಮೀನು ಇಟ್ಟ. ಕರಡಿ ಮೂಸಲಿಲ್ಲ.

ಆಗ ನೆನಪಾದದ್ದು ಪೆರಟಿ. ಮೆಲಾಕಾದಲ್ಲಿ ಓದುವ ಮಗಳು ಅಕ್ಷಿತಾಗೆಂದು ಸರೋಜಿನಿ ಹಲಸಿನ ಹಣ್ಣಿಗೆ ಇಲ್ಲಿನ ತಾಳೆಬೆಲ್ಲ ಹಾಕಿ, ಕಂಚಿನ ಉರುಳಿಯಲ್ಲಿ ಗೊಟಾಯಿಸಿ, ಭರಣಿ ತುಂಬಿಟ್ಟಿದ್ದಳು. ನಾಣಿ ಕದ್ದು ಒಂದು ಸೌಟು ಒಯ್ದು ಮೋಟಿಗೆ ಬಳಿದ. ಬೆಳಿಗ್ಗೆ ನೋಡಿದರೆ ಮೋಟು ತೊಳೆದಿಟ್ಟಷ್ಟು ಚೊಕ್ಕ! ದಿನಾ ಬಳಿದ, ದಿನಾ ನೆಕ್ಕಿಹೋಯಿತು. ರೂಢಿಯಾಗಲಿ, ಆಮೇಲೆ ಹೊಡೆದರಾಯಿತು ಎಂದು ಭರಣಿಯ ತಳ ಕಾಣುವವರೆಗೂ ಕಾದ. ಭರಣಿ ನೋಡಿದ ಸರೋಜಿನಿ ಅವನಿಗೆ ಬೈದು, ಮತ್ತೆ ಹಲಸು ತಂದು ಒಲೆ ಹಚ್ಚಿದಳು.

ಅದೇ ಸಂಜೆ ನಾಣಿ ಭರಣಿಯ ತಳ ಕೆರೆದು ಮೋಟಿಗೆ ಬಳಿದು, ಬಂದೂಕು ಹಿಡಿದು ಹೊರಟ. ಊದುಬತ್ತಿ ಹಚ್ಚಿ ಗಣಪತಿಗೆ ಕೈಮುಗಿಯದೆ ಅವನು ಜನ್ಮದಲ್ಲಿ ಯಾವ ಕೆಲಸವನ್ನೂ ಶುರುಮಾಡಿದವನಲ್ಲ. ಕರಡಿ ಕೊಲ್ಲುವ ಕೆಲಸಕ್ಕೂ ಮರದ ಬುಡದಲ್ಲಿ ಒಂದು ಹಿಡಿ ಊದುಬತ್ತಿ ಹಚ್ಚಿ, ಭಕ್ತಿಯಿಂದ ಅಟ್ಟಣೆ ಹತ್ತಿ ಕೂತ. ಎಂಥ ಬುದ್ಧಿವಂತ ನೋಡಿ! ಮೋಟಿನತ್ತ ಯಾವುದೂ ಸುಳಿಯಲಿಲ್ಲ. ಬೆಳಕು ಇಳಿಯುತ್ತಿರುವಾಗ ಮನೆಯ ಕಡೆಯಿಂದ ಬಾಗಿಲು ಮುರಿದ ಸದ್ದು ಬಂತು, ಹಿಂದೆಯೇ ಸರೋಜಿನಿಯ ಕೂಗು.

ಬಿದ್ದು ಎದ್ದು ಓಡಿದ. ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದರೆ, ಆರಲು ಇಳಿಸಿಟ್ಟ ಉರುಳಿಯೊಳಗೆ ಕರಡಿ ತಲೆ ಹಾಕಿತ್ತು. ನಾಣಿ ಗುರಿ ಹಿಡಿದ.

"ಹೊಡಿಬೇಡಿ," ಎಂಬ ಸರೋಜಿನಿಯ ದನಿ ಕರಡಿಯ ಹಿಂದಿನ ಉಗ್ರಾಣದ ಹಲಗೆಬಾಗಿಲ ಸಂದಿಯಿಂದ ಬಂತು. "ನಾನು ಇಲ್ಲೇ ಇದ್ದೇನೆ."

ಬಂದೂಕು ತಾನಾಗಿ ಇಳಿಯಿತು. ಹೊಡೆದರೆ ಗುಂಡು ಹಲಗೆ ತೂರಿ ಅವಳಿಗೇ ತಗಲೀತು. ತನ್ನ ಹೆಂಡತಿ ಈಗ ಕರಡಿಯ ಮರ್ಜಿಯಲ್ಲಿದ್ದಾಳೆ ಎಂದು ತಿಳಿದು ಹೆದರಿ ಕಿಟಕಿಯ ಕೆಳಗೇ ಕೂತ ನಾಣಿ. ಕರಡಿ ಅವಸರವಿಲ್ಲದೆ ಉರುಳಿ ನೆಕ್ಕಿ ಮುಗಿಸಿ, ಬಂದ ಬಾಗಿಲಲ್ಲೇ ಹೊರಟುಹೋಯಿತು.

ಸರೋಜಿನಿ ಹೊರಗೆ ಬಂದು ಖಾಲಿ ಉರುಳಿ ನೋಡಿದಳು. "ಊದುಬತ್ತಿ ಹಚ್ಚಿದ್ರಾ ಅಲ್ಲಿ?"

"ಹಚ್ಚಿದೆ."

"ಹೊಗೆ ಹಾಕಿ ಅಲ್ಲಿಂದ ಓಡಿಸಿದ್ದೂ ನೀವೇ, ರುಚಿ ಹತ್ತಿಸಿ ಇಲ್ಲಿಗೆ ಕಳಿಸಿದ್ದೂ ನೀವೇ. ಈಗ ಫೋನ್ ಮಾಡಿ."

ಮಾಡಿದ. ಬೋನು ತರುತ್ತೇವೆ, ಒಳಗಿಡಲು ಅದಕ್ಕೆ ಇಷ್ಟವಾದದ್ದನ್ನು ನೀವೇ ಸಿದ್ಧಮಾಡಿಡಿ ಎಂದರು ಅತ್ತಲಿಂದ.

ಫೋನ್ ಇಟ್ಟ ನಾಣಿ ಹೆಂಡತಿಯ ಎದುರು ನಿಂತ. ಬಂದರಿನಲ್ಲಿ ಯಾರಿಗೂ ಕಟ್ಟದ ಕೈ ತಾನಾಗಿ ಕಟ್ಟಿಕೊಂಡಿತು. "ಇನ್ನೊಂದು ಸಲ... ಪೆರಟಿ ಬೇಕಂತೆ."

ಸರೋಜಿನಿ ಅವನ ಮುಖ ನೋಡಲಿಲ್ಲ. "ಹಲಸು ನೀವೇ ತನ್ನಿ, ನೀವೇ ಕಾಸಿ," ಎಂದು ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. "ನಾನು ಅಕ್ಷಿತಾ ಹತ್ರ ಹೋಗ್ತೇನೆ."