ಕೀಬೋರ್ಡಿನೊಳಗೆ ಮಾವನವರ ಪೇಟಿ

ಮಾವನವರಿಗೆ ಲಕ್ವಾ ಹೊಡೆದ ದಿನ ಚಿಕ್ಕೋಡಿಯ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಉಳಿದದ್ದನ್ನು ಎಣಿಸಿದ್ದೆ. ಮಾತು ಉಳಿದಿದೆ. ಎರಡೂ ಕಾಲು ಉಳಿದಿವೆ. ಬಲಗೈ ಉಳಿದಿದೆ. ಹೋದದ್ದು ಎಡಗೈಯ ಬಲ ಮಾತ್ರ. ಇಷ್ಟು ಉಳಿಸಿಕೊಟ್ಟ ಬಸವಣ್ಣನಿಗೆ ಅಲ್ಲಿಂದಲೇ ಕೈ ಮುಗಿದೆ. ಆ ಎಡಗೈ ಏನು ಮಾಡುತ್ತಿತ್ತು ಎಂಬುದು ಹೊಳೆದದ್ದು ಕಬ್ಬೂರಿಗೆ ವಾಪಸು ಬಂದು ಮೂಲೆಯ ಪೇಟಿ ನೋಡಿದಾಗ.

ಪೇಟಿ ಅಂದರೆ ಹಾರ್ಮೋನಿಯಂ. ಬಲಗೈ ಬಿಳಿ-ಕಪ್ಪು ಪಟ್ಟಿಗಳ ಮೇಲೆ ಓಡಾಡುತ್ತಿದ್ದರೆ ಎಡಗೈ ಹಿಂದಿನ ತಿದಿ ಒತ್ತುತ್ತ ಗಾಳಿ ಕೊಡಬೇಕು. ಗಾಳಿ ಇಲ್ಲದಿದ್ದರೆ ಅದು ಬರೀ ಕಟ್ಟಿಗೆಯ ಡಬ್ಬಿ. ಪ್ರತಿ ಸೋಮವಾರ ಬಸವಣ್ಣನ ಗುಡಿಯಲ್ಲಿ ನಮ್ಮ ಹೆಂಗಸರ ಭಜನೆಗೆ ಪೇಟಿ ಹಿಡಿಯುತ್ತಿದ್ದವರು ಮಾವನವರೇ. ಈಗ ಸೋಮವಾರ ಬಂದರೆ ಹಿತ್ತಲ ಕಡೆ ಮುಖ ಮಾಡಿ ಕೂರತೊಡಗಿದರು. ದಿನಾ ಎಡಗೈಯಲ್ಲಿ ಹಿಚುಕಲಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದು ಗೋಡೆಯ ಗೂಡಿನಲ್ಲೇ ಕೂತಿತ್ತು.

"ನಾ ಏನ್ ಕೂಸೇನು, ಚೆಂಡಾಟ ಆಡಾಕ?" ಅನ್ನುತ್ತಿದ್ದರು.

ನನ್ನ ಅಣ್ಣ ನಿಪ್ಪಾಣಿಯಲ್ಲಿ ಮದುವೆ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸುತ್ತಾನೆ. ತಾನು ಹೊಸದು ಕೊಂಡಾಗ ಹಳೆಯದನ್ನು ನಮ್ಮ ಮನೆಗೆ ತಂದಿಟ್ಟ. "ಇದಕ್ಕ ಗಾಳಿ ಬ್ಯಾಡ್ರಿ ಮಾಮಾ, ಕರೆಂಟ್ ಸಾಕು. ಒಂದ ಕೈಲೆ ಬಾರಸ್ರಿ," ಎಂದು ಹಾರ್ಮೋನಿಯಂ ಸೌಂಡ್ ಹಾಕಿಕೊಟ್ಟ. ಮಾವನವರು ಎರಡು ಸ್ವರ ಒತ್ತಿ ಕೈ ತೆಗೆದರು.

"ಬೀಗರ, ಇದು ಪೇಟಿ ಅಲ್ರಿ. ಮೊಬೈಲ್ ಗಂಟಿ ಹೊಡದಂಗ ಆತು."

ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. ಅಡುಗೆಮನೆಗೆ ಬಂದು ನನಗೆ ಹೇಳಿದ: "ಒಳಗ ಹೊಕ್ಕು ಸೌಂಡ್ ತಿದ್ದಾಕ ಬರತೈತಿ ಬೇ. ನೀ ಸಾರಿಗೆ ಉಪ್ಪು ಖಾರ ನೋಡ್ತಿ ಅಲ್ಲ, ಹಂಗ ನೋಡಕೋಂತ ಮಾಡು."

ಹಾಗೇ ಮಾಡಿದೆ. ಊಟದ ಪಾತ್ರೆ ತಿಕ್ಕಿದ ಮೇಲೆ ದಿನಾ ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಎಡಿಟ್ ಎಂಬ ಬಟನ್ ಒತ್ತಿದರೆ ಒಂದು ಸೌಂಡಿನ ಒಳಗಿನ ಸಂಸಾರವೆಲ್ಲ ತೆರೆದುಕೊಳ್ಳುತ್ತದೆ. ಸ್ವರ ಎಷ್ಟು ಬೇಗ ಏಳಬೇಕು, ಬೆರಳು ಎತ್ತಿದ ಮೇಲೆ ಎಷ್ಟು ಹೊತ್ತು ಇರಬೇಕು, ಎಷ್ಟು ಚೂಪಾಗಿರಬೇಕು, ಎಲ್ಲಕ್ಕೂ ಒಂದೊಂದು ಅಂಕಿ. ಚೂಪು ಇಳಿಸಿದೆ. ಗುಡಿಯೊಳಗಿನಂಥ ಗುಂಯ್ ಪ್ರತಿಧ್ವನಿ ತೆಗೆದೆ. ಹೇಗೂ ಗುಡಿ ತನ್ನದನ್ನು ತಾನು ಕೊಡುತ್ತದೆ. ಕೆಳಗಿನ ಸಪ್ತಕದ ಇನ್ನೊಂದು ದನಿ ಜೋಡಿಸಿದೆ. ತಿದ್ದಿದ್ದನ್ನು ನಮ್ಮದೇ ಸೌಂಡ್ ಇಟ್ಟುಕೊಳ್ಳುವ ಜಾಗದಲ್ಲಿ ಸೇವ್ ಮಾಡಿದೆ. ಮಾವನವರಿಗೆ ಹೇಳಲಿಲ್ಲ. ಖಂಡೆ ಪೂಜೆಯ ದಿನ, ಅಂದರೆ ದಸರೆಯ ಆಯುಧ ಪೂಜೆಯಂದು, ಹಳೆಯ ಪೇಟಿಯ ಪಕ್ಕ ಕೀಬೋರ್ಡನ್ನೂ ಇಟ್ಟು, ಮರುದಿನ ಕೇಳಿಸುವುದು ನನ್ನ ಆಸೆ.

ಖಂಡೆ ಪೂಜೆಯ ಹಿಂದಿನ ದಿನ ನಮ್ಮ ಕಡೆ ಮನೆಯ ಒಂದು ವಸ್ತುವಿಗೂ ಬಿಡುವಿರುವುದಿಲ್ಲ. ಕುಡುಗೋಲು, ಈಳಿಗೆ, ಮಿಕ್ಸರ್, ಬೈಕು, ಎಲ್ಲ ತೊಳೆದು ಒರೆಸಬೇಕು. ಕೀಬೋರ್ಡನ್ನೂ ಹಸಿ ಬಟ್ಟೆಯಲ್ಲಿ ಒರೆಸಿದೆ. ಆಗ ಅದರ ಒಳಗಿನ ಕಸ ನೆನಪಾಯಿತು. ಅಣ್ಣನ ಆರ್ಕೆಸ್ಟ್ರಾದ ಸೌಂಡುಗಳು ಇನ್ನೂ ಅಲ್ಲೇ ಇದ್ದವು: ಸಿಳ್ಳೆ, ನಾಯಿ ಬೊಗಳುವುದು, ಪಿಸ್ತೂಲು, ಯಾವಳೋ ಕಿಲಕಿಲ ನಗುವುದು. ದೇವರ ಮುಂದೆ ಇಡುವ ವಸ್ತುವಿನೊಳಗೆ ಇವೆಲ್ಲ ಯಾಕೆ ಅನ್ನಿಸಿತು. ಒಂದೊಂದೇ ಅಳಿಸುತ್ತ ಹೋದೆ. ಮುಗಿಯಲಿಲ್ಲ. ಎಲ್ಲವನ್ನೂ ಒಮ್ಮೆಗೇ ತೆಗೆಯುವ ದಾರಿ ಕಂಡಿತು. ಹೌದೋ ಅಲ್ಲವೋ ಎಂದು ಅದು ಇನ್ನೊಮ್ಮೆ ಕೇಳಿತು. ಹೌದು ಎಂದು ಒತ್ತಿದೆ.

ನಂತರ ನನ್ನ ಪೇಟಿ ಹುಡುಕಿದರೆ ಆ ಜಾಗವೂ ಖಾಲಿ. ಅಣ್ಣನಿಗೆ ಫೋನ್ ಮಾಡಿದೆ.

"ಒಳಗೂ ಕಸಬರಗಿ ಆಡಿಸಿದೇನ ಬೇ?" ಎಂದು ನಕ್ಕ. "ನಾಯಿ ಹೋತು, ಪಿಸ್ತೂಲ್ ಹೋತು, ಅವುಗಳ ಜೋಡಿ ನಿನ್ನ ಪೇಟೀನೂ ಹೋತು."

"ತಿರುಗಿ ಬರೂದಿಲ್ಲೇನು?"

"ಕಾಪಿ ಇಟ್ಟಿಯೇನು?"

"ಇಲ್ಲ."

"ಹಂಗಾರ ಮೊದಲಿಂದ ಮಾಡು. ಈ ಸಲ ಬರದು ಇಡು."

ಒಂದು ಅಂಕಿಯೂ ನೆನಪಿರಲಿಲ್ಲ. ದೇವರ ಕೋಣೆಯಲ್ಲಿ ಕೂತು ಅತ್ತುಬಿಟ್ಟೆ. ಮಾವನವರು ಬಾಗಿಲಲ್ಲಿ ನಿಂತು, "ಏನಾತು ಯವ್ವಾ?" ಅಂದರು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಎಲ್ಲ ಹೇಳಿದೆ.

ಅವರು ಒಳಗೆ ಬಂದು ಕೀಬೋರ್ಡಿನ ಮುಂದೆ ನಿಂತರು. "ನನ್ನ ಪೇಟಿ ಮಾಡಾಕ ಹೋಗಿ ನನ್ನ ಕೇಳಲಾರದ ಮಾಡಿದೇನು? ಹಚ್ಚು ಅದನ್ನ. ಆ ಕಿವಿಯಾಗಿಂದೂ ತಗಿ, ನನಗೂ ಕೇಳಲಿ."

ಚಾಪೆ ಹಾಸಿ ಇಬ್ಬರೂ ಕೂತೆವು. ನಾನು ಅಂಕಿ ಬದಲಿಸುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಮೇಲಿನ, ಕೆಳಗಿನ ಎರಡೂ ದನಿಗಳ ಶ್ರುತಿಯನ್ನು ನಾನು ಸರಿಸಮ ಹೊಂದಿಸಿದ್ದೆ. "ಹಂಗಲ್ಲ," ಅಂದರು. "ಅವು ಅತ್ತಿ ಸೊಸಿ ಇದ್ದಂಗ. ಒಂದ ಮನ್ಯಾಗ ಇರ್ತಾವು, ಖರೆ ಒಂಚೂರು ಬ್ಯಾರೆ ಇರ್ತಾವು." ಒಂದರ ಶ್ರುತಿಯನ್ನು ಕೂದಲೆಳೆಯಷ್ಟು ಇಳಿಸಿದೆ. ಅವರ ಮುಖ ಸಡಿಲವಾಯಿತು. ಅಂಕಿಯನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ.

"ಎಲ್ಲಾ ಐತಿ. ಉಸರ ಇಲ್ಲ," ಅಂದರು ಕೊನೆಗೆ.

ಹಾಗೆನ್ನುವಾಗ ಅವರ ಎಡ ಭುಜ ತಾನಾಗಿಯೇ ಅಲುಗಿತು, ತಿದಿ ಒತ್ತುವವರ ಹಾಗೆ. ಅವರಿಗದು ಗೊತ್ತಾಗಲಿಲ್ಲ. ನಾನು ನೋಡಿದೆ.

ಕೀಬೋರ್ಡಿನ ಎಡತುದಿಯಲ್ಲಿ ಹಿಂದೆ ಮುಂದೆ ಸರಿಯುವ ಒಂದು ಸಣ್ಣ ಚಕ್ರವಿದೆ. ಅಣ್ಣ ಅದರಿಂದ ಸ್ವರ ನಡುಗಿಸುತ್ತಿದ್ದ. ಅವನಿಗೆ ಮತ್ತೆ ಫೋನ್ ಮಾಡಿ, ಆ ಚಕ್ರದಿಂದ ದನಿ ಏರಿಸಿ ಇಳಿಸಲು ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದು ದಾರಿ ಹೇಳಿದ. ಹೊಂದಿಸಿ, ಮಾವನವರ ಎಡಗೈ ಎತ್ತಿ ಚಕ್ರದ ಮೇಲಿಟ್ಟೆ.

ಎರಡು ಸಲ ಬೆರಳು ಜಾರಿದವು. ಮೂರನೆಯ ಸಲ ಹೆಬ್ಬೆರಳು ಚಕ್ರವನ್ನು ಗೋಧಿಕಾಳಿನಷ್ಟು ಮುಂದೆ ದೂಡಿತು. ಬಲಗೈ ಹಿಡಿದ 'ಸಾ' ಮೆಲ್ಲಗೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಅವರು ಇನ್ನೊಂದು ಸ್ವರಕ್ಕೆ ಹೋಗಲೇ ಇಲ್ಲ. ಆ ಒಂದರಲ್ಲೇ ಬಹಳ ಹೊತ್ತು ಇದ್ದರು. ನಾನು ಮೊದಲು ಸೇವ್ ಒತ್ತಿದೆ, ಆಮೇಲೆ ಕಣ್ಣು ಒರೆಸಿಕೊಂಡೆ.

ಮರುದಿನ ಖಂಡೆ ಪೂಜೆ. ಪೂಜೆಗೆ ಇಟ್ಟ ವಾದ್ಯವನ್ನು ಅವತ್ತು ಮುಟ್ಟುವ ಹಾಗಿಲ್ಲ. ಅರಿಶಿನ ಕುಂಕುಮ ಹಚ್ಚಿಕೊಂಡು ಕೂತ ಕೀಬೋರ್ಡಿನ ಸುತ್ತಲೇ ಮಾವನವರು ಸುಳಿದಾಡಿದರು. "ದೇವರಿಗೆ ಅವಸರ ಇಲ್ಲ, ನನಗ ಐತಿ," ಎಂದು ಗೊಣಗಿದರು.

ಮುಂದಿನ ಸೋಮವಾರ ಕೀಬೋರ್ಡ್ ಹೊರಿಸಿಕೊಂಡು ಗುಡಿಗೆ ಬಂದರು. ಮೂರನೆಯ ಭಜನೆ ಪದದ ನಡುವೆ ಎಡಗೈ ದಣಿದು ಕೆಳಗೆ ಬಿತ್ತು, ದನಿ ಸಣ್ಣಗಾಗಿ ನಿಂತುಹೋಯಿತು. ಹಾಡುತ್ತಿದ್ದವರೆಲ್ಲ ಅವರ ಕಡೆ ತಿರುಗಿದರು. ಮಾವನವರು ಬಲಗೈಯಿಂದ ಎಡಗೈ ಎತ್ತಿ ಚಕ್ರದ ಮೇಲೆ ಇಟ್ಟುಕೊಂಡರು.

"ನನ್ನ ಮಾರಿ ಏನ್ ನೋಡ್ತೀರಿ?" ಅಂದರು. "ಹಾಡ್ರಿ, ಬರಾಕತ್ತೇನಿ."