ಎಲ್ಡನ್ ವಾಪಸ್ ಇಟ್ಟ ಕೊಂಬು

ನನ್ನ ತಂಗಿ ಲೂಯಿಸಳ ಗಂಡ ಎಲ್ಡನ್ ಪ್ರಾಥರ್ ಮೂವತ್ತೊಂದು ವರ್ಷ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದ. ಅಷ್ಟು ವರ್ಷದಲ್ಲಿ ಒಂದು ಸಲವೂ ಲಾರಿಯನ್ನು ಹಳ್ಳಕ್ಕೆ ಇಳಿಸಲಿಲ್ಲ ಎಂದು ಅವನು ಎಲ್ಲರಿಗೂ ಹೇಳುತ್ತಾನೆ. ಎರಡು ಸಲ ಇಳಿಸಿದ್ದನ್ನು ಲೂಯಿಸ್ ನನಗೆ ಹೇಳಿದ್ದಳು. ಅವಳು ತೀರಿಕೊಂಡು ಒಂಬತ್ತು ವರ್ಷವಾಯಿತು. ಬೆಳಗಿನ ತಿಂಡಿಗೆ ಅವನು ಇವತ್ತಿಗೂ ನನ್ನ ಮನೆಗೇ ಬರುತ್ತಾನೆ. ಎರಡು ತುಂಡು ಸುಟ್ಟ ಬ್ರೆಡ್ಡು, ಅದರ ಮೇಲೆ ನಾನು ಮಾಡಿದ ಕಾಡುಚೆರಿ ಜಾಮು ದಪ್ಪಗೆ, ಒಂದು ದೊಡ್ಡ ಲೋಟ ಕರಿಕಾಫಿ. ತಿನ್ನುವುದಕ್ಕೆ ಎಷ್ಟು ಬರುತ್ತಾನೋ ಅಷ್ಟೇ ನನ್ನ ಅಡುಗೆಮನೆಯ ಕಿಟಕಿಗಾಗಿಯೂ ಬರುತ್ತಾನೆ.

ಆ ಕಿಟಕಿಯಿಂದ ಸೋರೆಲ್ ಗುಡ್ಡ ಪೂರ್ತಿ ಕಾಣುತ್ತದೆ. ಅಮೆರಿಕದ ವಯೋಮಿಂಗಿನ ನಮ್ಮ ಈ ಮೂಲೆಯಲ್ಲಿ ಡಿಸೆಂಬರಿಗೆಲ್ಲ ಮೇಲಿನ ಬೆಟ್ಟಗಳು ಹಿಮದಲ್ಲಿ ಮುಳುಗಿಬಿಡುತ್ತವೆ. ಸೋರೆಲ್ ಗುಡ್ಡಕ್ಕೆ ಮಾತ್ರ ಬಿಸಿಲು ಬೀಳುತ್ತದೆ, ಗಾಳಿ ಹಿಮವನ್ನು ಗುಡಿಸಿ ಹಾಕುತ್ತದೆ. ಹಾಗಾಗಿ ಬೆಟ್ಟದ ಜಿಂಕೆಗಳೆಲ್ಲ ಅಲ್ಲಿಗೆ ಇಳಿದು ಬಂದು, ಪೊದೆಗಳ ತುದಿ ಕಡಿಯುತ್ತ, ಚಳಿಗಾಲ ಮುಗಿಯುವುದನ್ನು ಕಾಯುತ್ತ ನಿಲ್ಲುತ್ತವೆ. ನಿಲ್ಲುವುದೇ ಅವಕ್ಕೆ ಆಗ ಕೆಲಸ. ಗಂಡು ಜಿಂಕೆಗಳು ವರ್ಷಕ್ಕೊಮ್ಮೆ ಅಲ್ಲೇ ಕೊಂಬು ಉದುರಿಸುತ್ತವೆ, ಬೇಸಿಗೆಗೆ ಹೊಸದು ಬೆಳೆಯುತ್ತದೆ. ಆ ಕೊಂಬು ಹೆಕ್ಕುವ ಹುಚ್ಚು ನಮ್ಮ ಊರಿನ ಗಂಡಸರಿಗೆ ಜ್ವರದ ಹಾಗೆ ಬರುತ್ತದೆ.

ಅವುಗಳಲ್ಲಿ ಒಂದು ದೊಡ್ಡ ಗಂಡು ಜಿಂಕೆಗೆ ಪಾದ್ರಿ ಎಂದು ಹೆಸರು. ಅದರ ಕೊಂಬು ಭಾನುವಾರದ ಪಾದ್ರಿ ಎರಡೂ ಕೈ ಎತ್ತಿ ಆಶೀರ್ವಾದ ಮಾಡಿದ ಹಾಗೆ ಅಗಲಕ್ಕೆ ಚಾಚಿರುತ್ತದೆ. ಮೇವು ಮತ್ತು ಬೇಲಿತಂತಿ ಮಾರುವ ಹಾರ್ಲನ್ ಬೀಸ್ಲಿಯ ಅಂಗಡಿ ಬಾಗಿಲ ಮೇಲೆ ಪಾದ್ರಿಯ ಹಿಂದಿನ ವರ್ಷಗಳ ಎರಡು ಕೊಂಬು ನೇತಾಡುತ್ತಿದ್ದವು. ಎಲ್ಲಿ ಸಿಕ್ಕಿತು ಎಂದು ಕೇಳಿದರೆ, ದಾರಿಯಲ್ಲಿ ಬಿದ್ದಿತ್ತು ಎನ್ನುತ್ತಿದ್ದ. ಫೆಬ್ರವರಿ ತಿಂಗಳಲ್ಲಿ ಆ ದಾರಿ ಗುಡ್ಡದ ನೆತ್ತಿಯ ಮೇಲೆ ಯಾಕೆ ಹೋಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಎಲ್ಡನ್‌ಗೆ ಪಾದ್ರಿಯ ಒಂದು ಕೊಂಬೂ ಸಿಕ್ಕಿರಲಿಲ್ಲ.

ಜಿಂಕೆಗಳ ಮೇಲೆ ಎಲ್ಡನ್‌ಗೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಆ ಪ್ರೀತಿ ಬಾಯಿ ಬಿಟ್ಟಿದ್ದು ಹಾರ್ಲನ್ ಎರಡನೆಯ ಕೊಂಬು ನೇತುಹಾಕಿದ ವಾರದಲ್ಲಿ. ಊರಿನ ಸಭೆಯಲ್ಲಿ ಎದ್ದು ನಿಂತ. ಎಂದೂ ಮಾತಾಡದವನು ಟೋಪಿ ತೆಗೆದು ಮಾತಾಡಿದ.

"ನೋಡ್ರಪ್ಪಾ, ಚಳಿಗಾಲದಲ್ಲಿ ಜಿಂಕೆ ಹುಲ್ಲು ತಿಂದು ಬದುಕಲ್ಲ. ಮೈಯಲ್ಲಿರೋ ಕೊಬ್ಬಲ್ಲೇ ಬದುಕೋದು. ಟ್ಯಾಂಕಲ್ಲಿ ಡೀಸೆಲ್ ಇರೋದೇ ಅಷ್ಟು, ಬಂಕು ತೆಗೆಯೋದು ಮೇ ತಿಂಗಳಲ್ಲಿ. ನೀವು ಕೊಂಬಿನ ಆಸೆಗೆ ಮೇಲೆ ಹತ್ತಿದ್ರೆ ಅದು ಓಡುತ್ತೆ. ಓಡಿದ್ರೆ ಡೀಸೆಲ್ ಸುಡುತ್ತೆ. ಏಪ್ರಿಲ್‌ನಲ್ಲಿ ದಾರಿ ಮಧ್ಯೆ ನಿಲ್ಲುತ್ತೆ. ಆಮೇಲೆ ಅದನ್ನ ಎಳ್ಕೊಂಡು ಹೋಗೋಕೆ ಯಾವ ಲಾರಿನೂ ಬರಲ್ಲ."

ಚಪ್ಪಾಳೆ ಬಿತ್ತು. ಹೊಸವರ್ಷದಿಂದ ಮೇ ಒಂದರ ಬೆಳಗ್ಗೆ ಆರು ಗಂಟೆಯವರೆಗೆ ಗುಡ್ಡಕ್ಕೆ ಯಾರೂ ಕಾಲಿಡಬಾರದು ಎಂದು ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ಹಾರ್ಲನ್ನೂ ಇದ್ದ. ಅವನಿಗೆ ಬೇಕಾದ ಎರಡು ಕೊಂಬು ಆಗಲೇ ಬಾಗಿಲ ಮೇಲಿದ್ದವಲ್ಲ. ಬೇಲಿಯ ಹತ್ತಿರ ನೆಡುವ ಫಲಕವನ್ನು ಎಲ್ಡನ್ನೇ ನನ್ನ ಕೊಟ್ಟಿಗೆಯಲ್ಲಿ ಕೂತು ಕೆಂಪು ಬಣ್ಣದಲ್ಲಿ ಬರೆದ: ಜಿಂಕೆಗಳು ನಿಂತಿವೆ. ಯಾರೂ ಒಳಗೆ ಹೋಗಬಾರದು. ಅಂದಿನಿಂದ ಹಾರ್ಲನ್ ಅವನನ್ನು, ಪೊಲೀಸ್ ಅಧಿಕಾರಿಯನ್ನು ಕರೆದ ಹಾಗೆ, ಶೆರಿಫ್ ಸಾಹೇಬ್ರು ಎಂದು ಕರೆಯತೊಡಗಿದ.

ಮರುವರ್ಷ ಹಿಮ ಬಿದ್ದದ್ದು ಬಿದ್ದಂತೆಯೇ ಇತ್ತು, ಕರಗಲೇ ಇಲ್ಲ. ಎಲ್ಡನ್ ತನ್ನ ಮೂರು ಕಾಲಿನ ದುರ್ಬೀನನ್ನು ನನ್ನ ಊಟದ ಮೇಜಿನ ಪಕ್ಕದಲ್ಲೇ ನಿಲ್ಲಿಸಿದ. ಕಾಫಿ ಬಗ್ಗಿಸಲು ನಾನು ಅದನ್ನು ಸುತ್ತುಹಾಕಿ ಹೋಗಬೇಕಾಗಿತ್ತು. ಅವನು ಕೊಂಬು ನೋಡುತ್ತಿದ್ದ. ನಾನು ಬರಿಗಣ್ಣಿನಲ್ಲಿ ಜಿಂಕೆಗಳನ್ನು ಎಣಿಸುತ್ತಿದ್ದೆ. ಕೋಳಿ ಸಾಕಿದವಳಿಗೆ ಅದು ಬಿಡದ ಅಭ್ಯಾಸ. ಮೂವತ್ತನಾಲ್ಕು ಇದ್ದವು.

ಫೆಬ್ರವರಿ ಹತ್ತೊಂಬತ್ತರಂದು ತಿಂಡಿಯ ಹೊತ್ತಿನಲ್ಲಿ ಅವನ ಕೈಯಿಂದ ಬ್ರೆಡ್ಡು ಜಾರಿತು.

"ನೆಟ್ಟಿ! ಬಿತ್ತು! ಪಾದ್ರಿ ತಲೆ ಕೊಡವಿದ, ಎಡಗಡೇದು ಬಿತ್ತು!"

"ಜಾಮು ನೆಲಕ್ಕೆ ಬಿತ್ತು, ಅದನ್ನ ಒರೆಸು ಮೊದಲು," ಎಂದೆ.

ಬೇಲಿಯಿಂದ ಮುನ್ನೂರು ಹೆಜ್ಜೆ ಮೇಲೆ, ಒಂಟಿ ಜೂನಿಪರ್ ಮರದ ಪಕ್ಕದಲ್ಲಿ ಕೊಂಬು ಬಿದ್ದಿತ್ತು. ಇನ್ನೊಂದನ್ನು ಆ ಜಿಂಕೆ ಎಲ್ಲಿ ಉದುರಿಸಿತೋ ನಮಗೆ ಕಾಣಲಿಲ್ಲ. ಇದಂತೂ ಕಿಟಕಿಗೆ ನೇರ. ಮೇ ಒಂದಕ್ಕೆ ಇನ್ನು ಎಪ್ಪತ್ತೊಂದು ದಿನ. ಎಲ್ಡನ್‌ಗೆ ಬೇಕಾಗಿದ್ದು ಕೊಂಬು ಮಾತ್ರವಲ್ಲ. ಆರು ಗಂಟೆಗೆ ಸರಿಯಾಗಿ, ಊರೆಲ್ಲ ನೋಡುತ್ತಿರುವಾಗ, ತಾನೇ ಮಾಡಿಸಿದ ಕಾನೂನಿನ ಪ್ರಕಾರ ಅದನ್ನು ಎತ್ತಿಕೊಂಡು ಹಾರ್ಲನ್‌ನ ಅಂಗಡಿಯ ಮುಂದೆ ನಡೆದು ಹೋಗಬೇಕಾಗಿತ್ತು. ಅದಕ್ಕಾಗಿ ದಿನಾ ಬೆಳಗ್ಗೆ ಬಂದು, ನನಗೆ ಶುಭೋದಯ ಹೇಳುವ ಮೊದಲು ಕೊಂಬಿಗೆ ಹೇಳುತ್ತಿದ್ದ.

ಮನುಷ್ಯರ ಮೇಲೆ ಕಣ್ಣಿಟ್ಟಿದ್ದನೇ ಹೊರತು ತನ್ನ ನಾಯಿಯ ಮೇಲೆ ಇಟ್ಟಿರಲಿಲ್ಲ. ಟಾಫಿಗೆ ಹನ್ನೆರಡು ವರ್ಷ, ಹಿಂಗಾಲು ಕುಂಟು. ಅವಳು ಮರಿಯಾಗಿದ್ದಾಗ ಎಲ್ಡನ್ನೇ ಕೊಂಬು ಹುಡುಕಿ ತರುವುದನ್ನು ಕಲಿಸಿದ್ದ. ತಂದರೆ ಒಂದು ತುಂಡು ಮಾಂಸ. ಎಲ್ಲವನ್ನೂ ಕಲಿಸಿದ್ದ, ಕ್ಯಾಲೆಂಡರ್ ನೋಡುವುದನ್ನು ಕಲಿಸಿರಲಿಲ್ಲ. ಮಾರ್ಚ್ ತಿಂಗಳ ಒಂದು ಭಾನುವಾರ ನಾನು ಪಾತ್ರೆ ತೊಳೆಯುತ್ತಿದ್ದಾಗ ಟಾಫಿ ಬೇಲಿ ನುಸುಳಿ ಗುಡ್ಡ ಏರುತ್ತಿರುವುದು ಕಾಣಿಸಿತು. ದಿನಾ ನನ್ನ ಜಗಲಿಯಲ್ಲಿ ಮಲಗುವ ಆ ಮುದಿ ನಾಯಿಯನ್ನು ಜಿಂಕೆಗಳು ಬಲ್ಲವು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಪೊದೆಗೆ ಬಾಯಿ ಹಾಕಿದವು. ಅರ್ಧ ಗಂಟೆಯಲ್ಲಿ ಟಾಫಿ ಕೊಂಬನ್ನು ಕಚ್ಚಿ ಎಳೆದುಕೊಂಡು ಬಂದು, ಕಾಫಿ ಕುಡಿಯುತ್ತಿದ್ದ ಎಲ್ಡನ್‌ನ ಕಾಲ ಬಳಿ ಹಾಕಿ, ಮಾಂಸಕ್ಕೆ ಕಾದು ಕೂತಳು.

ಎಲ್ಡನ್ ಕೊಂಬನ್ನು ಮುಟ್ಟಲಿಲ್ಲ. ಬಿಸಿ ಒಲೆ ಮುಟ್ಟುವವನ ಹಾಗೆ ಕೈ ಚಾಚಿ ಹಿಂದಕ್ಕೆಳೆದುಕೊಂಡ.

"ಯಾರಾದ್ರೂ ನೋಡಿದ್ರಾ?" ಎಂದ.

"ನಾನು ನೋಡ್ದೆ. ಜಿಂಕೆಗಳು ನೋಡಿದ್ವು."

"ಹಾರ್ಲನ್‌ಗೆ ಗೊತ್ತಾದ್ರೆ ನನ್ನ ಕಥೆ ಮುಗೀತು. ಮಾರ್ಚ್ ತಿಂಗಳಲ್ಲಿ ನನ್ನ ಕೈಲಿ ಪಾದ್ರಿ ಕೊಂಬು!"

"ಕಾಡುಪ್ರಾಣಿ ಇಲಾಖೆ ವಾರ್ಡನ್ ಹುಡುಗಿಗೆ ಫೋನ್ ಮಾಡು. ನಾಯಿ ತಂತು ಅಂತ ಇದ್ದದ್ದು ಇದ್ದಂಗೆ ಹೇಳು. ನಾಯಿನ ಜೈಲಿಗೆ ಹಾಕಲ್ಲ."

"ಆಕೆ ಬಂದು ತಗೊಂಡು ಹೋಗ್ತಾಳೆ, ನೆಟ್ಟಿ. ಆಮೇಲೆ ನಂಗೇನು ಉಳೀತು?"

"ಹಂಗಿದ್ರೆ ನನ್ನ ಕೊಟ್ಟಿಗೇಲಿ ಬಚ್ಚಿಡು."

"ಛೆ! ಅದು ಕಳ್ಳತನ!" ಅವನಿಗೆ ನಿಜಕ್ಕೂ ಸಿಟ್ಟು ಬಂತು. "ನಾನು ಹಾರ್ಲನ್ ಅಲ್ಲ. ಎಲ್ಲಿತ್ತೋ ಅಲ್ಲೇ ಇಟ್ಟು ಬರ್ತೀನಿ. ನಿಯಮ ಅಂದ್ರೆ ನಿಯಮ."

"ಎಲ್ಡನ್, ಮೇಲೆ ಜಿಂಕೆಗಳು ನಿಂತಿದಾವೆ."

"ಹತ್ತೇ ನಿಮಿಷ. ಮೆತ್ತಗೆ ಹೋಗಿ ಬರ್ತೀನಿ."

ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಬಲೆ ಹೆಣೆದ ಅಗಲ ಹಿಮಚಪ್ಪಲಿ ಕಟ್ಟಿಕೊಂಡ. ಜಿಂಕೆ ಎಂದುಕೊಂಡು ಯಾರಾದರೂ ಬೇಟೆಗಾರ ಗುಂಡು ಹಾರಿಸಿಯಾನು ಎಂದು, ದೂರಕ್ಕೆ ಎದ್ದು ಕಾಣುವ ಕಿತ್ತಳೆ ಬಣ್ಣದ ಅಂಗಿಯನ್ನೂ ಹಾಕಿಕೊಂಡ. ಮಾರ್ಚ್‌ನಲ್ಲಿ ಬೇಟೆಯೇ ಇಲ್ಲ. ಅಭ್ಯಾಸಬಲ. ತಾನು ಬರೆದ ಫಲಕದ ಪಕ್ಕದಲ್ಲೇ ಬೇಲಿ ದಾಟಿದ. ದಾಟುವಾಗ ಅಂಗಿ ತಂತಿಗೆ ಸಿಕ್ಕಿ, ಬಿಡಿಸಿಕೊಳ್ಳಲು ಆ ಫಲಕವನ್ನೇ ಹಿಡಿದುಕೊಂಡ.

ಅವನು ಮೆತ್ತಗೇ ಹೋದ, ಸುಳ್ಳು ಹೇಳಬಾರದು. ಆದರೆ ಎರಡು ಕಾಲಿನ ಮೇಲೆ ಕಿತ್ತಳೆ ಬಣ್ಣದ್ದೊಂದು ಏರಿ ಬರುವಾಗ, ಅದು ನಿಯಮ ಪಾಲಿಸಲು ಬರುತ್ತಿದೆ ಎಂದು ಜಿಂಕೆಗೆ ಹೇಗೆ ಗೊತ್ತಾಗಬೇಕು? ಮೊದಲು ಒಂದು ಮುದಿ ಹೆಣ್ಣು ತಲೆ ಎತ್ತಿತು. ಆಮೇಲೆ ಎಲ್ಲವೂ ಒಟ್ಟಿಗೆ ಓಡಿದವು. ಪಾದ್ರಿ ಬೋಳು ತಲೆಯಲ್ಲಿ ಮುಂದೆ. ಗುಡ್ಡದ ನೆತ್ತಿಯಲ್ಲಿ ಗಾಳಿ ಪೇರಿಸಿದ ಹಿಮಕ್ಕೆ ಎದೆ ಕೊಟ್ಟು, ಮುಳುಗಿ, ಎದ್ದು, ಮತ್ತೆ ಮುಳುಗಿ, ಬಿಸಿಲೇ ಬೀಳದ ಆಚೆ ಬದಿಗೆ ಇಳಿದವು. ಎಲ್ಡನ್ ಬಗ್ಗಿ ಕೊಂಬನ್ನು ಇಡುತ್ತಿದ್ದ. ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಹೋಗಿ ಸ್ವಲ್ಪ ಕಿಟಕಿಯ ಕಡೆಗೆ ತಿರುಗಿಸಿದ.

ಸಂಜೆ ನಾನು ಎಣಿಸಿದೆ. ಇಪ್ಪತ್ತೆಂಟು ತಿರುಗಿ ಬಂದಿದ್ದವು. ಮರುದಿನವೂ ಅಷ್ಟೇ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಅವನು ಆ ದಿನ ಅಷ್ಟು ನೆಮ್ಮದಿಯಾಗಿ ಜಾಮು ತಿನ್ನುತ್ತಿದ್ದ.

ಮಂಗಳವಾರ ವಾರ್ಡನ್ ಬಂದಳು. ಮರಿಸಾ ಆರ್ಚುಲೆಟಾ ಎಂದು ಹೆಸರು, ಮೂವತ್ತರ ಹುಡುಗಿ, ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಬರುವವಳು. ಹಿಂದೆಯೇ ಹಾರ್ಲನ್ ಕೂಡ ನುಗ್ಗಿದ. ಫೋನ್ ಮಾಡಿದವನೇ ಅವನು.

"ನೋಡಿದ್ರಾ ಶೆರಿಫ್ ಸಾಹೇಬ್ರೇ?" ಎಂದ ಹಾರ್ಲನ್. "ನಿಮ್ಮ ಗುಡ್ಡದಲ್ಲಿ ಯಾರದೋ ಹೆಜ್ಜೆ! ಮೂಗಿನ ಕೆಳಗೇ ಕಳ್ಳ ಬಂದು ಹೋಗಿದಾನೆ. ನೀವು ಜಾಮು ನೆಕ್ತಾ ಕೂತಿದ್ರೇನೋ."

ಎಲ್ಡನ್ ಕಾಫಿಯನ್ನೇ ನೋಡುತ್ತಿದ್ದ.

ಮರಿಸಾ ದುರ್ಬೀನಿಗೆ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. "ವಿಚಿತ್ರ ಕಳ್ಳ," ಎಂದಳು. "ಸೀದಾ ಕೊಂಬಿನ ಹತ್ರ ಹೋಗಿದಾನೆ. ಬರಿಗೈಲಿ ವಾಪಸ್ ಬಂದಿದಾನೆ. ಅಲ್ಲ, ಕೊಂಬು ನೋಡಿ, ಮರಕ್ಕೆ ಒರಗಿ ನಿಂತಿದೆ, ಕವಲೆಲ್ಲಾ ಮೇಲಕ್ಕೆ. ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದೀನಿ, ಇಷ್ಟು ನೀಟಾಗಿ ಕೊಂಬು ಇಟ್ಟು ಹೋಗೋ ಜಿಂಕೆನ ನೋಡಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ನೀವು ದಿನಾ ಎಣಿಸ್ತೀರಂತೆ, ನೆಟ್ಟಿ. ಎಷ್ಟಿವೆ?"

"ಶನಿವಾರದವರೆಗೆ ಮೂವತ್ತನಾಲ್ಕು. ಭಾನುವಾರ ಸಂಜೆಯಿಂದ ಇಪ್ಪತ್ತೆಂಟು."

ಎಲ್ಡನ್ ತಲೆ ಎತ್ತಿ ನನ್ನನ್ನು ನೋಡಿದ. ಅವನು ಮನಸ್ಸಿನಲ್ಲಿ ಕಳೆಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಕಾನೂನಿನ ಮಾತು ಬಂದಿದ್ದರೆ ಅವನು ವಾದಿಸುತ್ತಿದ್ದನೋ ಏನೋ. ಬಂದದ್ದು ಆರು ಜಿಂಕೆಗಳ ಲೆಕ್ಕ.

"ನಾನೇ," ಎಂದ. "ನಾಯಿ ತಂದಿತ್ತು. ನಾನು ವಾಪಸ್ ಇಟ್ಟೆ."

ಹಾರ್ಲನ್ ನಗಲು ಬಾಯಿ ತೆರೆದ. ಮರಿಸಾ ಅವನ ಕಡೆ ನೋಡದೆಯೇ, "ಮಿಸ್ಟರ್ ಬೀಸ್ಲಿ, ಕೂತ್ಕೊಳ್ಳಿ," ಎಂದಳು. ಅವನು ಕೂತ. ಆಕೆ ಎಲ್ಡನ್‌ಗೆ ದಂಡದ ಚೀಟಿ ಬರೆದು ಕೊಟ್ಟಳು. ಕೊಂಬನ್ನು ತರಲು ಮತ್ತೆ ಗುಡ್ಡ ಹತ್ತಿದರೆ ಜಿಂಕೆಗಳು ಮತ್ತೆ ಓಡುತ್ತವೆ, ಅಲ್ಲೇ ಇರಲಿ, ಮೇ ಒಂದರಂದು ಯಾರು ಮೊದಲು ಹೋಗುತ್ತಾರೋ ಅವರದು ಎಂದಳು. ಆಮೇಲೆ ನನ್ನ ಜಾಮು ತಿಂದು, ಒಂದು ಬಾಟಲಿ ಕೇಳಿ ತೆಗೆದುಕೊಂಡು ಹೋದಳು.

ಏಪ್ರಿಲ್ ಕೊನೆಯಲ್ಲಿ ಆಚೆ ಬದಿಯ ಹಿಮ ಇಳಿದಾಗ ಮರಿಸಾ ನೋಡಲು ಹೊರಟಳು. ಎಲ್ಡನ್ ತಾನೂ ಬರುತ್ತೇನೆ ಎಂದು ಕೇಳಿಕೊಂಡ. ಅವತ್ತು ತಿಂಡಿಗೆ ಬರಲಿಲ್ಲ, ಮಧ್ಯಾಹ್ನ ಬಂದ. ನಾನು ಬ್ರೆಡ್ಡು ಸುಟ್ಟು ಜಾಮು ಹಚ್ಚಿ ಮುಂದಿಟ್ಟೆ. ಅವನು ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳಿದ.

"ನಾಲ್ಕು ಸಿಕ್ಕಿದ್ವು," ಎಂದ. "ಎಲ್ಲಾ ಹೆಣ್ಣು, ಗಬ್ಬದವು. ಆಕೆ ಮೂಳೆ ಮುರಿದು ತೋರಿಸಿದ್ಲು. ಚೆನ್ನಾಗಿರೋ ಜಿಂಕೆಗೆ ಮೂಳೆ ಒಳಗಿನ ಕೊಬ್ಬು ಬೆಣ್ಣೆ ಥರ ಬೆಳ್ಳಗಿರುತ್ತಂತೆ. ಇವಕ್ಕೆ..." ತಟ್ಟೆಯ ಜಾಮಿನ ಕಡೆ ಗಲ್ಲ ಎತ್ತಿ ತೋರಿಸಿದ. "ಇದೇ ಬಣ್ಣ, ನೆಟ್ಟಿ. ಹಿಂಗೇ ಲೊಳಲೊಳ." ಆಮೇಲೆ, "ಟ್ಯಾಂಕು ಖಾಲಿ," ಎಂದ.

ನಾನು ತಟ್ಟೆ ತೆಗೆದು ಬರಿಯ ಬ್ರೆಡ್ಡು ಕೊಟ್ಟೆ. ಅದನ್ನೂ ಅರ್ಧ ಟಾಫಿಗೆ ಹಾಕಿದ.

ಮೇ ಒಂದರ ಬೆಳಗ್ಗೆ ಬೇಲಿಯ ಹತ್ತಿರ ಇಪ್ಪತ್ತು ಇಪ್ಪತ್ತೈದು ಜನ ನಿಂತಿದ್ದರು. ಎಲ್ಡನ್ ನನ್ನ ಮೇಜಿನ ಮುಂದೆ ಕೂತಿದ್ದ, ಟಾಫಿಯನ್ನು ಕುರ್ಚಿಯ ಕಾಲಿಗೆ ಕಟ್ಟಿದ್ದ. ಆರು ಗಂಟೆಗೆ ಮರಿಸಾ ಶಿಳ್ಳೆ ಊದಿದಳು. ಹಾರ್ಲನ್ ಓಡಿದ. ಅರವತ್ತೆರಡು ವರ್ಷದ ಗಂಡಸು ಅಷ್ಟು ಜೋರಾಗಿ ಓಡಿದ್ದನ್ನು ನಾನು ಅದಕ್ಕೂ ಹಿಂದೆ ನೋಡಿರಲಿಲ್ಲ. ಕೊಂಬನ್ನು ಎತ್ತಿ ತಲೆಯ ಮೇಲೆ ಹಿಡಿದು ಕುಣಿದ. ತನ್ನ ಜನ್ಮದಲ್ಲಿ ಮೊದಲ ಸಲ ಮೇ ತಿಂಗಳವರೆಗೆ ಕಾದು ಎತ್ತಿದ ಕೊಂಬು ಅದು. ಇಳಿದು ಬಂದ ಮೇಲೆ ತಿರುಗಿಸಿ ನೋಡಿದರೆ, ಕಿಟಕಿಗೆ ಕಾಣದ ಹಿಂಬದಿಯನ್ನು ಇಲಿಗಳು ಪೂರ್ತಿ ಕೆರೆದು ತಿಂದಿದ್ದವು. ಹಾರ್ಲನ್ ಅದನ್ನು ಹಿಂಬದಿ ಗೋಡೆಗೆ ಮಾಡಿ ಬಾಗಿಲ ಮೇಲೆ ನೇತುಹಾಕಿದ. ಕೆಳಗೆ, ನ್ಯಾಯವಾಗಿ ಸಿಕ್ಕಿದ್ದು ಎಂದು ಚೀಟಿ ಅಂಟಿಸಿದ. ಅದರ ಪಕ್ಕದ ಎರಡು ಕೊಂಬಿಗೆ ಚೀಟಿ ಇಲ್ಲ ಎನ್ನುವುದು ಆಗ ಊರಿನವರ ಕಣ್ಣಿಗೆ ಬಿತ್ತು.

ಅದೇ ವಾರ ಯಾರೋ ಎಲ್ಡನ್‌ನ ಫಲಕದ ಕೆಳಗೆ ಇದ್ದಿಲಿನಲ್ಲಿ ಸೊಟ್ಟಗೆ ಒಂದು ಸಾಲು ಸೇರಿಸಿದ್ದರು. ಯಾರೋ ಎಂದೆ. ಹಾರ್ಲನ್‌ನ ಬೆರಳು ಎರಡು ದಿನ ಕಪ್ಪಾಗಿತ್ತು. ಈಗ ಫಲಕದಲ್ಲಿ, ಯಾರೂ ಒಳಗೆ ಹೋಗಬಾರದು, ಎಲ್ಡನ್ ಪ್ರಾಥರ್ ಕೂಡ ಎಂದಿತ್ತು.

ಎಲ್ಡನ್ ಅದನ್ನು ನೋಡಿಕೊಂಡು ಬಂದು ಕೊಟ್ಟಿಗೆಗೆ ಹೋದ. ಒರೆಸಲು ಬಟ್ಟೆ ಹುಡುಕುತ್ತಿದ್ದಾನೆ ಎಂದುಕೊಂಡು ನಾನು ಹಳೆಯ ದಿಂಬಿನ ಚೀಲ ಕೊಡಲು ಹೋದೆ. ಅವನು ಕೆಂಪು ಬಣ್ಣದ ಡಬ್ಬಿ ಮುಚ್ಚಳ ಬಿಚ್ಚುತ್ತಿದ್ದ.

"ಇದ್ದಿಲು ಮಳೆಗೆ ಹೋಗಿಬಿಡುತ್ತೆ," ಎಂದ, ಕುಂಚ ತೆಗೆದುಕೊಂಡು ಬೇಲಿಯ ಕಡೆ ನಡೆದ.