ಚಿತ್ರಾನ್ನ ಬಡಿಸಿದ ಸಭೆ

2005ರಲ್ಲಿ ನಾನು ನೈರೋಬಿಯ ಒಂದು ಎಂಜಿನಿಯರಿಂಗ್ ಸಲಹಾ ಸಂಸ್ಥೆಯಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ಮನೆ ಹೈರಿಡ್ಜ್‌ನಲ್ಲಿ, ಕಚೇರಿ ಅಲ್ಲಿಂದ ನಡೆದು ಹೋಗುವಷ್ಟು ದೂರ. ಯಾರೇ ದೊಡ್ಡ ಕಟ್ಟಡ ಕಟ್ಟಬೇಕಾದರೆ ಅದರಿಂದ ಸುತ್ತಲಿನ ನೆಲ, ನೀರು, ಜನರ ಮೇಲೆ ಏನು ಪರಿಣಾಮವಾಗುತ್ತದೆ ಎಂದು ಮೊದಲೇ ವರದಿ ಸಲ್ಲಿಸಬೇಕೆಂಬ ನಿಯಮ ಆಗ ಅಲ್ಲಿ ಇನ್ನೂ ಹೊಸದು. ಆ ವರದಿಗಳನ್ನು ಬರೆಯುವುದು ನನ್ನ ಕೆಲಸವಾಗಿತ್ತು. ಅನುಮತಿ ಕೊಡುವವರು ಸರ್ಕಾರದವರು. ಆದರೆ ನಾನು ಕೊನೆಯ ಪುಟದಲ್ಲಿ ‘ಶಿಫಾರಸು ಮಾಡುತ್ತೇನೆ’ ಎಂದು ಬರೆದದ್ದನ್ನು ಅವರು ತಳ್ಳಿಹಾಕಿದ ನೆನಪು ನನಗಿಲ್ಲ. ಆದ್ದರಿಂದ ನಿರ್ಧಾರ ನನ್ನದಾಗಿರಲಿಲ್ಲ ಎಂದು ನಾನು ಹೇಳಿಕೊಳ್ಳಲಾರೆ.

ಆ ವರ್ಷದ ಆರಂಭದಲ್ಲಿ ಶ್ರೀನಿವಾಸ್ ಬಂದರು. ಮೈಸೂರಿನವರು, ಭಾರತೀಯರ ಒಡೆತನದ ಒಂದು ಔಷಧ ಕಾರ್ಖಾನೆಯ ಮ್ಯಾನೇಜರ್. ಯುಗಾದಿ ಊಟಕ್ಕೆ ಒಟ್ಟಿಗೆ ಕೂರುವ ನಾಲ್ಕಾರು ಕನ್ನಡ ಕುಟುಂಬಗಳಲ್ಲಿ ಅವರದೂ ಒಂದು. ಲಂಗಾಟಾ ದಾಟಿದ ಮೇಲೆ ಸಿಗುವ ಒಂದು ಸಣ್ಣ ಹಳ್ಳಿಯ ಹತ್ತಿರ ಕಾರ್ಖಾನೆಯ ಹೊಸ ಘಟಕ ಶುರುವಾಗಿತ್ತು. ಅದೇ ಹಳ್ಳಿಯಲ್ಲಿ ಕೆಲಸಗಾರರಿಗೆ ಮೂವತ್ತಾರು ಮನೆ ಕಟ್ಟಬೇಕೆಂಬುದು ಅವರ ಯೋಜನೆ.

“ನಮ್ಮ ಪ್ಯಾಕಿಂಗ್ ಹೆಣ್ಣುಮಕ್ಕಳು ಒಂದೊಂದು ಕೋಣೇಲಿ ಐದೈದು ಜನ ಇದಾರೆ ರಾಯರೇ. ಕಕ್ಕಸಿಗೆ ಬೆಳಿಗ್ಗೆ ಸಾಲು ನಿಲ್ತಾರೆ. ಎರಡು ಮಟಾಟು ಬದಲಾಯಿಸಿ ಕೆಲಸಕ್ಕೆ ಬರೋ ಹೊತ್ತಿಗೆ ಅರ್ಧ ಜೀವ ಆಗಿರ್ತಾರೆ” ಎಂದರು. ಅವರು ಸುಳ್ಳು ಹೇಳುವವರಲ್ಲ. ಆ ಕೋಣೆಗಳನ್ನು ನಾನೂ ಹೋಗಿ ನೋಡಿದೆ. ಮನೆಗಳು ಬೇಕಾಗಿದ್ದವು. ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ಹಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ಇಳಿಜಾರಿನ ಮೇಲ್ಭಾಗದಲ್ಲಿತ್ತು. ಕೆಳಗೆ ಡಾಂಬರು ರಸ್ತೆ, ರಸ್ತೆಯ ಅಂಚಿನಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳು ನಿಲ್ಲುವ ಜಾಗ. ಹಳ್ಳಿಯ ಹೆಂಗಸರು ಬೆಳಿಗ್ಗೆ ಸೊಪ್ಪು ಮಾರುತ್ತಿದ್ದದ್ದು ಅಲ್ಲಿಯೇ. ಕಾರ್ಖಾನೆ ಕೊಂಡಿದ್ದ ಜಮೀನು ಈ ಎರಡರ ನಡುವೆ ಇತ್ತು, ಮತ್ತು ಅದರ ಮೇಲೆ ಮೂಲೆಯಿಂದ ಮೂಲೆಗೆ ಒಂದು ಕಾಲುದಾರಿ ಸವೆದಿತ್ತು. ನಕ್ಷೆಯಲ್ಲಿ ಆ ದಾರಿ ಇರಲಿಲ್ಲ. ನಕ್ಷೆಯಲ್ಲಿ ಇದ್ದದ್ದು ನಾಲ್ಕೂ ಕಡೆ ಗೋಡೆ, ಡಾಂಬರು ರಸ್ತೆಗೆ ಒಂದು ಗೇಟು. ಗೋಡೆ ಎದ್ದರೆ ಹಳ್ಳಿಯವರಿಗೆ ಉಳಿಯುವುದು ಬಳಸಿ ಬರುವ ಮಣ್ಣಿನ ರಸ್ತೆ. ಅದು ಇಕ್ಕಟ್ಟು. ಕಲ್ಲುಕ್ವಾರಿಯ ಲಾರಿಗಳು ಓಡಾಡುವ ರಸ್ತೆ.

ಮೊದಲ ಭೇಟಿಯಲ್ಲಿ ನನ್ನ ಜೊತೆ ಸಹೋದ್ಯೋಗಿ ಮ್ವಾಂಗಿ ಇದ್ದರು. ಜನರೊಂದಿಗೆ ಮಾತಾಡಿ ಅಭಿಪ್ರಾಯ ಸಂಗ್ರಹಿಸುವುದು ಅವರ ವಿಭಾಗ. ನಾವು ಅಳತೆ ಮಾಡುತ್ತಿದ್ದಾಗ ಅದೇ ಕಾಲುದಾರಿಯಲ್ಲಿ ಒಬ್ಬ ಹೆಂಗಸು ಇಳಿದು ಬಂದಳು. ಅರವತ್ತರ ಸುಮಾರು. ಬೆನ್ನ ಮೇಲೆ ಸುಕುಮಾ ಸೊಪ್ಪಿನ ದೊಡ್ಡ ಹೊರೆ, ಹೊರೆಯ ಪಟ್ಟಿ ಹಣೆಗೆ. ಹೆಸರು ವಂಬುಯಿ, ಗಂಡ ತೀರಿಹೋಗಿದ್ದ. ಆ ಹೊರೆಯಿಂದಲೇ ಅವಳ ಮತ್ತು ಇಬ್ಬರು ಮೊಮ್ಮಕ್ಕಳ ಸಂಸಾರ ನಡೆಯಬೇಕಿತ್ತು. ಇದನ್ನೆಲ್ಲ ಮ್ವಾಂಗಿ ಎರಡು ನಿಮಿಷದಲ್ಲಿ ಅವಳ ಬಾಯಿಂದಲೇ ಹೊರಡಿಸಿದರು.

“ಏ ಮುಹಿಂದಿ, ಇಲ್ಲಿ ಅಂಗಡಿ ಇಡ್ತೀಯಾ?” ಎಂದು ಅವಳು ಮ್ವಾಂಗಿಯ ಮೂಲಕ ನನ್ನನ್ನು ಕೇಳಿದಳು. ಭಾರತೀಯನೆಂದರೆ ಅಂಗಡಿಯವನು ಎಂಬುದು ಅಲ್ಲಿನ ಲೆಕ್ಕ.

“ಅಂಗಡಿ ಅಲ್ಲ ಮಾಮಾ, ಮನೆಗಳು.” ವಯಸ್ಸಾದ ಹೆಂಗಸರನ್ನು ಅಲ್ಲಿ ಮಾಮಾ, ಅಂದರೆ ಅಮ್ಮ, ಎಂದೇ ಕರೆಯುವುದು.

“ಮನೆಯವರು ಸುಕುಮಾ ತಿಂತಾರಾ?”

“ತಿಂತಾರೆ.”

“ಹಾಗಾದರೆ ಬರಲಿ. ಕಟ್ಟು, ಕಟ್ಟು” ಎಂದು ನಗುತ್ತಾ ಇಳಿದು ಹೋದಳು. ಗೋಡೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಸಭೆಯಲ್ಲಿ ಎಲ್ಲರ ಮುಂದೆ ಹೇಳುವುದು ಸರಿಯಾದ ಕ್ರಮ ಎಂದುಕೊಂಡೆ.

ದಾರಿಯ ವಿಷಯವನ್ನು ಶ್ರೀನಿವಾಸ್‌ಗೆ ಅಂದೇ ತಿಳಿಸಿದೆ. ಗೋಡೆಯನ್ನು ಸ್ವಲ್ಪ ಒಳಕ್ಕೆ ಸರಿಸಿ ಅಂಚಿನಲ್ಲಿ ದಾರಿ ಬಿಟ್ಟರೆ ಎರಡು ಮನೆ ಕಡಿಮೆಯಾಗುತ್ತವೆ ಎಂದೂ ಹೇಳಿದೆ. ಅವರು ಯೋಚಿಸಿ, “ಮಾಲೀಕರಿಗೆ ನಾನು ಸುಮ್ಮನೆ ಹೋಗಿ ಎರಡು ಮನೆ ಬಿಡಿ ಅಂದ್ರೆ ಒಪ್ಪಲ್ಲ. ಸಭೇಲಿ ಕೇಳಿ ರಾಯರೇ. ಒಬ್ಬರು ಎದ್ದು ಬೇಡ ಅನ್ನಲಿ ಸಾಕು, ಅದನ್ನ ತೋರಿಸಿ ಗೋಡೆ ಸರಿಸ್ತೀನಿ” ಎಂದರು. ಇದಕ್ಕಿಂತ ನ್ಯಾಯವಾದ ಮಾತು ಇನ್ನೇನಿದೆ ಎಂದು ನನಗೆ ಅನ್ನಿಸಿತು. ಒಬ್ಬರ ಒಂದು ಮಾತು ಸಾಕಾಗಿತ್ತು.

ಊರಿನ ಸಭೆಗೆ ಅಲ್ಲಿ ಬರಾಜಾ ಎನ್ನುತ್ತಾರೆ. ಸರ್ಕಾರ ನೇಮಿಸಿದ ಚೀಫ್ ಅದನ್ನು ಕರೆಯುತ್ತಾನೆ. ಯೋಜನೆಯವರು ವಿವರಿಸುತ್ತಾರೆ, ಜನ ಅಭಿಪ್ರಾಯ ಹೇಳುತ್ತಾರೆ, ಅದು ವರದಿಯಲ್ಲಿ ದಾಖಲಾಗುತ್ತದೆ. ನಮ್ಮ ಸಭೆ ಒಂದು ಶನಿವಾರ ಮಧ್ಯಾಹ್ನಕ್ಕೆ ಗೊತ್ತಾಯಿತು. ಸಭೆಯ ಕೊನೆಯಲ್ಲಿ ಸೋಡಾ, ಬ್ರೆಡ್ಡು ಕೊಡುವುದು ರೂಢಿ.

ಈ ಸುದ್ದಿ ಕೇಳಿ ನನ್ನ ಹೆಂಡತಿ ಗಿರಿಜಾ ಹುಬ್ಬು ಗಂಟಿಕ್ಕಿದಳು. “ಮಧ್ಯಾಹ್ನದ ಬಿಸಿಲಲ್ಲಿ ಜನಾನ ಕರೆಸಿ, ಹಸಿದ ಹೊಟ್ಟೇಲಿ ಕೂರಿಸಿ ಪ್ರಶ್ನೆ ಕೇಳ್ತೀರಾ? ನಮ್ಮ ಮನೇಲಿ ಹೀಗೆ ಮಾಡಿದ್ದುಂಟೇನ್ರೀ?” ಇಲ್ಲ ಎಂದೆ. ನಮ್ಮ ತಂದೆ ಜಮೀನಿನ ತಗಾದೆಯವರು ಬಂದರೂ ಮೊದಲು ಕೈಕಾಲು ತೊಳೆಯಲು ನೀರು, ಆಮೇಲೆ ಎಲೆ, ಆಮೇಲೆ ಮಾತು ಎನ್ನುತ್ತಿದ್ದರು. ಆ ಶನಿವಾರ ಗಿರಿಜಾ ಬೆಳಗಿನ ಜಾವವೇ ಎದ್ದು ಮೂರು ದೊಡ್ಡ ಪಾತ್ರೆ ಚಿತ್ರಾನ್ನ ಕಲಸಿದಳು. ಬಾಳೆಹಣ್ಣು, ಸೋಡಾ ದಾರಿಯಲ್ಲಿ ಕೊಂಡೆವು.

ಕಾರಿನಲ್ಲಿ ಮ್ವಾಂಗಿ ಹಿಂದಿನ ಸೀಟಿನ ಪಾತ್ರೆಗಳನ್ನು ನೋಡಿ, “ಸಾಮಾನ್ಯವಾಗಿ ತಿನ್ನುವುದು ಕೊನೆಗೆ, ಎಂಜಿನಿಯರ್” ಎಂದರು.

“ಬಂದವರಿಗೆ ಮೊದಲು ಕೊಡುವುದು ನಮ್ಮ ಪದ್ಧತಿ” ಎಂದೆ.

ಅವರು ಕಿಟಕಿಯಾಚೆ ನೋಡಿ, “ಸವಾ” ಎಂದರು. ಆಗಲಿ ಎಂದು ಅರ್ಥ.

ಸಭೆ ಚರ್ಚಿನ ಅಂಗಳದಲ್ಲಿ ನಡೆಯಿತು. ಊಟ ಸೊಗಸಾಗಿಯೇ ಆಯಿತು. ಹಳದಿ ಅನ್ನವನ್ನು ಪಿಲಾವ್ ಎಂದುಕೊಂಡ ಒಬ್ಬ ಮುದುಕ ತಟ್ಟೆಯನ್ನು ಕೆದಕಿ ಕೆದಕಿ, “ಮಾಂಸ ಯಾವ ಕಡೆ ಅಡಗಿದೆ?” ಎಂದು ಕೇಳಿದ. “ಅದು ಇನ್ನೂ ಮೇಯ್ತಾ ಇದೆ, ನೀನು ಅನ್ನ ತಿನ್ನು” ಎಂದಳು ವಂಬುಯಿ. ಎಲ್ಲರೂ ನಕ್ಕರು. ಕಡಲೆಕಾಯಿ ಬೀಜ ಅವಳಿಗೆ ಇಷ್ಟವಾಯಿತು; ಎರಡು ಸಲ ಹಾಕಿಸಿಕೊಂಡಳು. ಬಡಿಸುತ್ತಿದ್ದವನು ನಾನೇ. ನನಗೆ ಬಹಳ ಸಂತೋಷವಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಆಮೇಲೆ ನಾನು ಎದ್ದು ನಿಂತು ಯೋಜನೆಯನ್ನು ವಿವರಿಸಿದೆ. ಮ್ವಾಂಗಿ ಅನುವಾದಿಸಿದರು. ಏನನ್ನೂ ಮುಚ್ಚಿಡಲಿಲ್ಲ. ಗೋಡೆ ಬರುತ್ತದೆ, ಕಾಲುದಾರಿ ಮುಚ್ಚುತ್ತದೆ, ನೀವು ಲಾರಿ ರಸ್ತೆಯಲ್ಲಿ ಬಳಸಿ ಹೋಗಬೇಕಾಗುತ್ತದೆ, ಒಪ್ಪಿಗೆ ಇಲ್ಲದವರು ಈಗ ಹೇಳಿದರೆ ಗೋಡೆಯ ಜಾಗ ಬದಲಾಯಿಸಬಹುದು ಎಂದೆ.

ಹಿಂದಿನ ಸಾಲಿನಲ್ಲಿ ವಂಬುಯಿ ಎದ್ದಳು. ನಾನು ಅವಳನ್ನೇ ನೋಡುತ್ತಿದ್ದೆ. ಅವಳ ಕೈಯಲ್ಲಿ ತಟ್ಟೆ ಇನ್ನೂ ಇತ್ತು. ಅವಳು ಬಾಯಿ ತೆರೆದಳು, ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

“ಹೇಳಿ ಮಾಮಾ” ಎಂದೆ.

“ಊಟ ಚೆನ್ನಾಗಿತ್ತು. ಅಸಾಂಟೆ” ಎಂದು ಧನ್ಯವಾದ ಹೇಳಿ ಕುಳಿತಳು.

ಸುತ್ತಲಿದ್ದವರು ನಕ್ಕು ಚಪ್ಪಾಳೆ ತಟ್ಟಿದರು. ಚೀಫ್ ಎದ್ದು, “ಹಾಗಾದರೆ ಸವಾ?” ಎಂದ. “ಸವಾ” ಎಂದಿತು ಅಂಗಳ. ಸಭೆ ಮುಗಿಯಿತು.

ವಾಪಸು ಬರುವಾಗ ಖಾಲಿ ಪಾತ್ರೆಗಳು ಹಿಂದೆ ಸದ್ದು ಮಾಡುತ್ತಿದ್ದವು. ಆ ಹೆಂಗಸು ಎದ್ದದ್ದು ಊಟ ಹೊಗಳುವುದಕ್ಕೆ ಅಲ್ಲ ಅಲ್ಲವೇ ಎಂದು ಮ್ವಾಂಗಿಯನ್ನು ಕೇಳಿದೆ.

“ಅಲ್ಲ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ನಿಮ್ಮ ಕೈಯಾರೆ ಬಡಿಸಿದಿರಿ, ಎಂಜಿನಿಯರ್. ಎರಡು ಸಲ. ನಿಮ್ಮೂರಿನಲ್ಲಿ ಹಾಗೆ ಉಂಡವರು ಎದ್ದು ನಿಂತು ಬಡಿಸಿದವರಿಗೆ ಇಲ್ಲ ಅಂತಾರಾ?”

ನಮ್ಮೂರಿನಲ್ಲಿ ಅದಕ್ಕೆ ಗಾದೆಯೇ ಇದೆ. ಉಂಡ ಮನೆಗೆ ಎರಡು ಬಗೆಯಬಾರದು. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು. ಅದು ಅಲ್ಲಿಯವರಿಗೂ ಇರಬಹುದೆಂದು ನಾನು ಯೋಚಿಸಲೇ ಇಲ್ಲ. ಅನ್ನ ಹಾಕುವ ಪದ್ಧತಿ ನಮಗಿದೆ, ಉಂಡದ್ದಕ್ಕೆ ಕಟ್ಟುಬೀಳುವ ಪದ್ಧತಿ ಅವರಿಗಿಲ್ಲ ಎಂಬಂತೆ ನಡೆದುಕೊಂಡಿದ್ದೆ.

ಇಲ್ಲಿಯವರೆಗಿನದು ತಿಳಿಯದೆ ಆದ ತಪ್ಪು. ಮುಂದಿನದು ಹಾಗಲ್ಲ. ಸೋಮವಾರ ಶ್ರೀನಿವಾಸ್‌ಗೆ ಫೋನ್ ಮಾಡಿ ಇನ್ನೊಂದು ಸಭೆ ಕರೆಯೋಣ ಎಂದೆ.

“ಯಾಕೆ, ಯಾರಾದ್ರೂ ಬೇಡ ಅಂದ್ರಾ?”

“ಇಲ್ಲ.”

“ಎಲ್ಲರೂ ಒಪ್ಪಿದ್ರು ಅಂತ ಚೀಫ್ ಹೇಳಿದ್ರಲ್ಲ. ಮಳೆಗೆ ಮುಂಚೆ ಪಾಯ ಆಗದಿದ್ರೆ ಒಂದು ವರ್ಷ ಹೋಗುತ್ತೆ ರಾಯರೇ. ನಮ್ಮ ಹೆಣ್ಣುಮಕ್ಕಳಿಗೆ ಏನು ಹೇಳಲಿ? ಊಟ ಜಾಸ್ತಿ ಆಯ್ತು, ಅದಕ್ಕೇ ಮನೆ ತಡ ಅನ್ನಲಾ?” ಎಂದು ನಕ್ಕರು.

ಎರಡು ದಿನ ಯೋಚಿಸಿದೆ. ಸಭೆ ಅಸಿಂಧು ಎನ್ನಬೇಕಾದರೆ ಕಾರಣ ಬರೆಯಬೇಕು. ಪ್ರಶ್ನೆ ಕೇಳುವ ಮೊದಲೇ ಊರಿಗೆ ಊಟ ಹಾಕಿದೆ ಎಂದು ನನ್ನ ಕೈಯಿಂದ ಬರೆದರೆ ಓದುವವರಿಗೆ ಅದು ಲಂಚವೆಂದೇ ಕಾಣುತ್ತಿತ್ತು. ಗಿರಿಜಾಳಿಗೆ ಏನು ಹೇಳುವುದೆಂಬ ಸಂಕೋಚವೂ ಇತ್ತು. ಮೂರನೆಯ ದಿನ ‘ಸ್ಥಳೀಯರಿಂದ ಆಕ್ಷೇಪಣೆ ಇಲ್ಲ’ ಎಂದು ಬರೆದೆ. ಆ ವಾಕ್ಯದಲ್ಲಿ ಸುಳ್ಳಿನ ಒಂದು ಪದವೂ ಇರಲಿಲ್ಲ. ಮನಸ್ಸಿನ ಸಮಾಧಾನಕ್ಕೆ, ಗೋಡೆಯಲ್ಲಿ ಎರಡು ಕಡೆ ಚಿಕ್ಕ ಬಾಗಿಲಿಟ್ಟು ಹಗಲು ಹೊತ್ತು ಹಳ್ಳಿಯವರನ್ನು ಒಳಗಿಂದ ಹಾದುಹೋಗಲು ಬಿಡಬೇಕು ಎಂಬ ಶರತ್ತು ಸೇರಿಸಿದೆ. ಅನುಮತಿ ಸಿಕ್ಕಿತು.

ಮನೆಗಳು ಚೆನ್ನಾಗಿ ಬಂದವು. ಗೃಹಪ್ರವೇಶದ ದಿನ ಪ್ಯಾಕಿಂಗ್ ವಿಭಾಗದ ಒಬ್ಬ ಹುಡುಗಿ ನಲ್ಲಿಯನ್ನು ತಿರುಗಿಸುವುದು, ನಿಲ್ಲಿಸುವುದು, ಮತ್ತೆ ತಿರುಗಿಸುವುದು ಮಾಡುತ್ತಿದ್ದಳು. ಚಿಕ್ಕ ಬಾಗಿಲುಗಳೂ ಇದ್ದವು. ಕೆಲವು ತಿಂಗಳಾದ ಮೇಲೆ ಒಂದು ಮನೆಯ ಗ್ಯಾಸ್ ಸಿಲಿಂಡರ್ ಕಳುವಾಯಿತು. ಕಾವಲಿನವರು ಎರಡೂ ಬಾಗಿಲಿಗೆ ಬೀಗ ಹಾಕಿದರು. ಆ ಸುದ್ದಿ ನನಗೆ ತಲುಪಿತ್ತು. ಶ್ರೀನಿವಾಸ್‌ಗೆ ಹೇಳಿದೆ, ಅವರು ನೋಡೋಣ ಎಂದರು, ನಾನು ಬೇರೆ ಕೆಲಸದಲ್ಲಿ ಮುಳುಗಿದೆ.

2006ರ ಕೊನೆಯಲ್ಲಿ ಒಂದು ದಿನ ಮ್ವಾಂಗಿ ನನ್ನ ಮೇಜಿನ ಹತ್ತಿರ ಬಂದು ನಿಂತರು. “ಆ ಸೊಪ್ಪಿನ ಮಾಮಾ” ಎಂದು ಶುರು ಮಾಡಿದರು. ಲಾರಿ ರಸ್ತೆಯಲ್ಲಿ ಬೆಳಿಗ್ಗೆ ಮಂಜಿತ್ತಂತೆ. ಎದುರಿಗೆ ಕಲ್ಲಿನ ಲಾರಿ ಬಂತು. ಹೊರೆ ಹೊತ್ತವಳು ಅಂಚಿಗೆ ಸರಿಯಲು ಹೋಗಿ ಚರಂಡಿಗೆ ಬಿದ್ದಳು. ತೊಡೆಯ ಮೂಳೆ ಮುರಿದಿತ್ತು. ಸರಿಯಾಗಿ ಕೂಡಲಿಲ್ಲ.

ಆ ಶನಿವಾರ ಒಬ್ಬನೇ ಹೋದೆ. ಅಷ್ಟು ಹೊತ್ತಿಗೆ ನನ್ನ ಸ್ವಾಹಿಲಿ ಒಂದು ಕ್ಷಮೆ ಕೇಳುವಷ್ಟು ಇತ್ತು. ವಂಬುಯಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದಳು, ಪಕ್ಕದಲ್ಲಿ ಕೋಲು. ಒಲೆಯ ಮೇಲೆ ಹಾಲು ಹಾಕಿದ ಚಹಾ ಕುದಿಯುತ್ತಿತ್ತು. ನನ್ನನ್ನು ಗುರುತಿಸಿದಳು. “ಹಳದಿ ಅನ್ನದ ಮುಹಿಂದಿ” ಎಂದಳು. ನಾನು ಕುಳಿತೆ. ಮೊಮ್ಮಗಳು ಲೋಟಕ್ಕೆ ಚಹಾ ಬಗ್ಗಿಸಲು ಹೋದಾಗ ವಂಬುಯಿ ಕೈ ಅಡ್ಡ ಹಿಡಿದಳು.

“ಈಗ ಬೇಡ. ಇವನು ಏನೋ ಹೇಳೋಕೆ ಬಂದಿದಾನೆ. ಮೊದಲು ಹೇಳಲಿ. ಕುಡಿದ ಮೇಲೆ ಹೇಳೋಕೆ ಆಗಲ್ಲ.”

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನನಗೆ ಅನುಕೂಲ ಮಾಡಿಕೊಡುತ್ತಿದ್ದಳು. ಅಂದು ನಾನು ಅವಳಿಗೆ ಮಾಡಿಕೊಡದೆ ಇದ್ದ ಅನುಕೂಲ ಅದು.

ನೀನು ಎದ್ದದ್ದನ್ನು ನೋಡಿದೆ ಎಂದೆ. ಯಾಕೆ ಕುಳಿತೆ ಎಂಬುದು ಆ ಸಂಜೆಯೇ ಗೊತ್ತಾಯಿತು, ಆದರೂ ಆಕ್ಷೇಪಣೆ ಇಲ್ಲ ಎಂದೇ ಬರೆದೆ ಎಂದೆ. ಅವಳು ತಲೆದೂಗುತ್ತಾ ಕೇಳಿದಳು. “ಮನೆ ಬೇಡ ಅನ್ನೋಕೆ ಎದ್ದಿರಲಿಲ್ಲ. ದಾರಿ ಬಿಡು ಅನ್ನೋಕೆ ಎದ್ದಿದ್ದೆ. ಅಷ್ಟೇ ಇದ್ದದ್ದು” ಎಂದಳು. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಮೊಮ್ಮಗಳತ್ತ ತಿರುಗಿ, “ಈಗ ಕೊಡು” ಎಂದಳು. ಕುಡಿದೆ. ಅವಳು ಹೇಳಿದ್ದು ನಿಜ. ಕುಡಿದ ಮೇಲೆ ನನ್ನ ಬಾಯಿಂದ ಇನ್ನೊಂದು ಮಾತು ಹೊರಡಲಿಲ್ಲ.

ಮರುದಿನವೇ ಶ್ರೀನಿವಾಸ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಈ ಸಲ ನಗಲಿಲ್ಲ. ಆ ವಾರದೊಳಗೆ ಬೀಗ ತೆಗೆಸಿದರು. ಮತ್ತೆ ಹಾಕದಂತೆ ಬಾಗಿಲುಗಳನ್ನೇ ಕೀಳಿಸಿದರು. ಹಳ್ಳಿಯ ಹೆಂಗಸರು ಹೊರೆ ಹೊತ್ತು ಮನೆಗಳ ನಡುವೆಯೇ ಇಳಿದು ಹೋಗತೊಡಗಿದರು. ಯಾರಿಗೂ ತೊಂದರೆಯಾಗಲಿಲ್ಲ. ಮೊದಲೇ ಬಿಟ್ಟಿದ್ದರೂ ಆಗುತ್ತಿರಲಿಲ್ಲ. ಆ ದಾರಿಯಲ್ಲಿ ವಂಬುಯಿ ಮಾತ್ರ ಮತ್ತೆ ಹೊರೆ ಹೊತ್ತು ನಡೆಯಲಿಲ್ಲ.

ಆಮೇಲೆ ನಿವೃತ್ತಿಯಾಗುವವರೆಗೆ ನಾನು ಅಂಥ ಅನೇಕ ಸಭೆಗಳನ್ನು ನಡೆಸಿದೆ. ಬಂದವರಿಗೆ ಕುಡಿಯಲು ನೀರು ಇಡಿಸುತ್ತಿದ್ದೆ, ಅಷ್ಟೇ. ಸಭೆ ಮುಗಿಯುವವರೆಗೆ ಊಟದ ಪಾತ್ರೆಗಳು ಕಾರಿನಲ್ಲೇ ಇರುತ್ತಿದ್ದವು. ಹಸಿದವರನ್ನು ಕಾಯಿಸುವುದು ಪ್ರತಿ ಸಲವೂ ನನಗೆ ಕಷ್ಟವಾಗುತ್ತಿತ್ತು; ಗಿರಿಜಾಳಿಗೆ ಇಂದಿಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಅತಿಥಿಗೆ ಮೊದಲು ಅನ್ನ ಎಂಬುದು ಮನೆಯ ಧರ್ಮ. ಯಾರ ಬದುಕಿನ ಬಗ್ಗೆ ನಾವು ತೀರ್ಮಾನಿಸಲಿದ್ದೇವೋ ಅವರು ನಮ್ಮ ಅತಿಥಿಗಳಲ್ಲ. ಅವರ ಬಾಯಿಂದ ‘ಇಲ್ಲ’ ಎಂಬ ಮಾತು ಬರಲು ಏನೇನು ಅಡ್ಡವಿದೆಯೋ ಅದನ್ನು ಮೊದಲು ತೆಗೆಯಬೇಕು, ನಾವು ಪ್ರೀತಿಯಿಂದ ಬಡಿಸಿದ ತಟ್ಟೆಯೇ ಆದರೂ.